ಉರಿಯೂತ ಮತ್ತು ಸಣ್ಣ ಕರುಳಿನ ಹೀರಿಕೆ

ಜೀರ್ಣವಾದ ಆಹಾರದ ಸಕ್ಕರೆ, ಅಮೈನೊ ಆಮ್ಲ, ಕೊಬ್ಬು, ಲವಣ, ಜೀವಸತ್ವಗಳನ್ನು ಸಣ್ಣ ಕರುಳಿನ ಒಳಪದರದ ಜೀವಕೋಶಗಳು ತಮ್ಮೊಳಗೆ ಎಳೆದುಕೊಂಡು ರಕ್ತಕ್ಕೂ ದುಗ್ಧರಸಕ್ಕೂ ದಾಟಿಸುವ ಕ್ರಿಯೆಗೆ ಹೀರಿಕೆ ಎಂದು ಹೆಸರು. ಈ ಒಳಪದರದಲ್ಲಿ ಉರಿಯೂತ ಹುಟ್ಟಿದರೆ ಹೀರಿಕೆ ಕುಗ್ಗುತ್ತದೆ. ಹೊಟ್ಟೆ ತುಂಬ ಉಂಡವರೂ ಸೊರಗುತ್ತಾರೆ. ‘ತಿಂದದ್ದು ಮೈಗೆ ಹತ್ತುತ್ತಿಲ್ಲ’ ಎಂದು ಮನೆಯ ಹಿರಿಯರು ಆಡುವ ಮಾತು ಈ ಸ್ಥಿತಿಯನ್ನು ಕರಾರುವಾಕ್ಕಾಗಿ ಹಿಡಿದಿದೆ. ತಿನ್ನುವುದು ಒಂದು ಕ್ರಿಯೆ, ಹತ್ತುವುದು ಇನ್ನೊಂದು. ಆಯುರ್ವೇದ ‘ಗ್ರಹಣಿ’ ಎಂದು ಕರೆಯುವ ಅಂಗದ ಹೆಸರಿನಲ್ಲೂ ಹಿಡಿದಿಟ್ಟುಕೊಳ್ಳುವುದು ಎಂಬ ಅರ್ಥವೇ ಇದೆ.

ಉರಿಯೂತ ಕರುಳಿನ ಗೋಡೆಯನ್ನು ಕೆಡವುತ್ತದೆ, ಕೆಡವಿದ ಗೋಡೆ ಹೀರಲಾರದು ಎಂಬುದು ವೈದ್ಯಶಾಸ್ತ್ರದ ಹಳೆಯ ವಿವರಣೆ. ಅದು ನಿಜ, ಆದರೆ ಅರ್ಧ ನಿಜ. ಗೋಡೆ ನೆಟ್ಟಗೆ ನಿಂತಿರುವಾಗಲೂ ಅದರ ಬಾಗಿಲುಗಳು ಮುಚ್ಚಿರಬಹುದು. ಗ್ಲೂಕೋಸಿನ ಬಾಗಿಲು ಮುಚ್ಚುವ ಬಗೆ ಒಂದು, ಅಮೈನೊ ಆಮ್ಲದ್ದು ಇನ್ನೊಂದು, ಕಬ್ಬಿಣದ್ದಂತೂ ದೂರದ ಯಕೃತ್ತು ಕಳಿಸುವ ಆಜ್ಞೆಯಿಂದ ಮುಚ್ಚುತ್ತದೆ. ಯಾವ ಬಾಗಿಲು ಏಕೆ ಮುಚ್ಚಿತು ಎಂದು ತಿಳಿಯದೆ ತಟ್ಟೆಗೆ ಇನ್ನಷ್ಟು ಬಡಿಸುತ್ತಾ ಹೋದರೆ ರೋಗಿಗೆ ಉಪಯೋಗವಾಗುವುದು ಕಡಿಮೆ.

ಹೀರುವ ಕೋಶ

ಸಣ್ಣ ಕರುಳಿಗೆ ಮೂರು ಭಾಗ: ಜಠರಕ್ಕೆ ತಾಗಿದ ಡುಯೋಡಿನಮ್, ನಡುವಿನ ಜೆಜುನಮ್, ಕೊನೆಯ ಇಲಿಯಮ್. ಒಳಮೈಯಲ್ಲಿ ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ, ಬೆರಳಿನಾಕಾರದ ವಿಲ್ಲೈಗಳು ಒತ್ತೊತ್ತಾಗಿ ನಿಂತಿವೆ. ವಿಲ್ಲೈಗಳನ್ನು ಹೊದ್ದಿರುವ ಹೀರುವ ಕೋಶಕ್ಕೆ ಎಂಟರೊಸೈಟ್ ಎಂದು ಹೆಸರು. ಪ್ರತಿ ಕೋಶದ ಮೇಲ್ತುದಿಯಲ್ಲಿ ಸಾವಿರಾರು ಸೂಕ್ಷ್ಮವಿಲ್ಲೈಗಳು ಬ್ರಷ್ಷಿನ ಎಳೆಗಳಂತೆ ಎದ್ದಿರುತ್ತವೆ. ಕರುಳಿನ ಒಳಮೈ ಟೆನಿಸ್ ಅಂಗಳದಷ್ಟು ವಿಶಾಲ ಎಂದು ಪಠ್ಯಪುಸ್ತಕಗಳು ಬಹಳ ಕಾಲ ಹೇಳಿದವು. 2014ರಲ್ಲಿ ಸ್ವೀಡನ್ನಿನ ಹೆಲಾಂಡರ್ ಮತ್ತು ಫ್ಯಾಂಡ್ರಿಕ್ಸ್ ಮತ್ತೆ ಲೆಕ್ಕ ಹಾಕಿ, ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್ ಎಂದು ತೋರಿಸಿದರು. ಅಂದರೆ ಒಂದು ಪುಟ್ಟ ಮನೆಯ ನೆಲದಷ್ಟು. ಅದರ ಬಹುಪಾಲು ಸಣ್ಣ ಕರುಳಿನದೇ.

ವಿಲ್ಲೈಗಳ ಬುಡದಲ್ಲಿರುವ ಕುಳಿಗಳಲ್ಲಿ ಆಕರಕೋಶಗಳಿವೆ. ಅಲ್ಲಿ ಹುಟ್ಟಿದ ಕೋಶ ಮೇಲೇರುತ್ತಾ ಬಲಿಯುತ್ತದೆ, ದಾರಿಯಲ್ಲಿ ಕಿಣ್ವಗಳನ್ನೂ ಸಾಗಣೆ ಪ್ರೋಟೀನುಗಳನ್ನೂ ಕಟ್ಟಿಕೊಳ್ಳುತ್ತದೆ, ಮೂರರಿಂದ ಐದು ದಿನಗಳಲ್ಲಿ ತುದಿ ಮುಟ್ಟಿ ಉದುರುತ್ತದೆ. ಹೀರುವ ಕೆಲಸ ಬಲಿತ ಕೋಶದ್ದು. ಉರಿಯೂತದಲ್ಲಿ ಕೋಶಗಳು ಅಕಾಲದಲ್ಲಿ ಸಾಯುತ್ತವೆ, ಕುಳಿಗಳು ಅವಸರದಿಂದ ಹೊಸದನ್ನು ಮೇಲಕ್ಕೆ ತಳ್ಳುತ್ತವೆ. ಬಂದವು ಎಳೆಯವು, ಎಳೆಗರುವನ್ನು ನೊಗಕ್ಕೆ ಹೂಡಿದ ಹಾಗೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ವಿಲ್ಲೈಯ ಮೇಲ್ಭಾಗದ ಕೋಶಗಳಲ್ಲೇ ಹೆಚ್ಚಾಗಿರುವುದರಿಂದ ಮೊದಲು ಕಳೆದುಹೋಗುವುದೂ ಅದೇ. ಜೋರಾದ ಭೇದಿಯಿಂದ ಎದ್ದ ಮಗುವಿಗೆ ಕೆಲವು ದಿನ ಹಸುವಿನ ಹಾಲು ಒಗ್ಗದೆ, ಹೊಟ್ಟೆ ಉಬ್ಬರಿಸಿ ಮತ್ತೆ ಭೇದಿಯಾಗುವುದು ಇದರಿಂದಲೇ. ಅಂಥ ದಿನಗಳಲ್ಲಿ ಮೊಸರು, ಮಜ್ಜಿಗೆ ಹಾಲಿಗಿಂತ ಸುಲಭವಾಗಿ ಒಗ್ಗುತ್ತವೆ. ತಾಯಿಯ ಹಾಲನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು.

ಸಂದೇಶಗಳು ಮತ್ತು ಸೋರಿಕೆ

ಚರ್ಮದ ಉರಿಯೂತಕ್ಕೆ ಕೆಂಪು, ಬಿಸಿ, ಊತ, ನೋವು ಎಂಬ ಗುರುತುಗಳಿವೆ. ಕರುಳಿನ ಉರಿಯೂತ ಎಷ್ಟೋ ಸಲ ಯಾವ ಗುರುತೂ ಕೊಡದೆ ವರ್ಷಗಟ್ಟಲೆ ನಡೆಯುತ್ತದೆ. ಒಳಪದರದ ಕೆಳಗೆ ಜಮಾಯಿಸಿದ ಮ್ಯಾಕ್ರೊಫೇಜ್, ಟಿ ಕೋಶ, ಮಾಸ್ಟ್ ಕೋಶ ಮೊದಲಾದ ರೋಗನಿರೋಧಕ ಕೋಶಗಳು ಸುತ್ತಮುತ್ತ ಸಂದೇಶ ರಾಸಾಯನಿಕಗಳನ್ನು ಸುರಿಸುತ್ತವೆ: ಟಿಎನ್‌ಎಫ್-ಆಲ್ಫಾ, ಇಂಟರ್‌ಫೆರಾನ್-ಗಾಮಾ, ಇಂಟರ್‌ಲ್ಯೂಕಿನ್‌ಗಳು, ಪ್ರೊಸ್ಟಗ್ಲಾಂಡಿನ್, ಲ್ಯೂಕೊಟ್ರೈಈನ್, ನೈಟ್ರಿಕ್ ಆಕ್ಸೈಡ್. ರೋಗಾಣುವನ್ನು ಹೊಡೆದೋಡಿಸಲು ಹೊರಟ ಈ ಸಂದೇಶಗಳು ಪಕ್ಕದಲ್ಲೇ ಇರುವ ಹೀರುವ ಕೋಶಗಳಿಗೂ ಕೇಳಿಸುತ್ತವೆ.

ಮೊದಲು ಸಡಿಲವಾಗುವುದು ಕೋಶಕೋಶಗಳ ನಡುವಿನ ಬಿಗಿಬೆಸುಗೆ. ಕ್ಲಾಡಿನ್, ಆಕ್ಲೂಡಿನ್ ಎಂಬ ಪ್ರೋಟೀನುಗಳು ನೆರೆಯ ಕೋಶಗಳನ್ನು ಸೇರಿಸಿ ಹೊಲಿದಿರುತ್ತವೆ. ಟಿಎನ್‌ಎಫ್-ಆಲ್ಫಾ ಕೋಶದೊಳಗಿನ ಸಂಕೋಚಕ ಎಳೆಗಳನ್ನು ಬಿಗಿದು ಈ ಹೊಲಿಗೆಯನ್ನು ಜಗ್ಗುತ್ತದೆ. ಇಂಟರ್‌ಲ್ಯೂಕಿನ್-13 ಕ್ಲಾಡಿನ್-2 ಎಂಬ, ಸೋಡಿಯಮ್ಮನ್ನೂ ನೀರನ್ನೂ ಹಾಯಿಸುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಆಗ ಒಂದು ಕಡೆಯಿಂದ ಹೀರಿದ ಉಪ್ಪುನೀರು ಇನ್ನೊಂದು ಕಡೆಯಿಂದ ಕರುಳಿನ ಒಳಕ್ಕೇ ಸೋರುತ್ತದೆ. ಆಚೆಯಿಂದ ಬ್ಯಾಕ್ಟೀರಿಯಾದ ಚೂರುಗಳು ಒಳನುಗ್ಗಿ ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತವೆ. ಬೆಂಕಿ ತನ್ನ ಕಟ್ಟಿಗೆಯನ್ನು ತಾನೇ ತಂದುಕೊಳ್ಳುವ ಈ ಸುತ್ತನ್ನು ಮುರಿಯುವುದೇ ಚಿಕಿತ್ಸೆಯ ಅತ್ಯಂತ ಕಷ್ಟದ ಭಾಗ.

ಗ್ಲೂಕೋಸ್ ಮತ್ತು ಅಮೈನೊ ಆಮ್ಲ

1960ರಲ್ಲಿ ಪ್ರಾಗ್ ನಗರದ ಒಂದು ವಿಜ್ಞಾನ ಸಭೆಯಲ್ಲಿ ಅಮೆರಿಕದ ರಾಬರ್ಟ್ ಕ್ರೇನ್, ಗ್ಲೂಕೋಸ್ ತನ್ನಷ್ಟಕ್ಕೆ ಕೋಶದೊಳಗೆ ಹೋಗುವುದಿಲ್ಲ, ಸೋಡಿಯಮ್ಮಿನ ಕೈಹಿಡಿದು ಹೋಗುತ್ತದೆ ಎಂಬ ವಿಚಾರ ಮಂಡಿಸಿದರು. ಎಂಟರೊಸೈಟಿನ ತಳಭಾಗದ ಸೋಡಿಯಂ ಪಂಪು ಕೋಶದೊಳಗಿನ ಸೋಡಿಯಮ್ಮನ್ನು ಸದಾ ಹೊರಗೆ ಎತ್ತಿಹಾಕುತ್ತಿರುತ್ತದೆ. ಒಳಗೆ ಕೊರತೆಯಾದಾಗ ಕರುಳಿನ ಕಡೆಯಿಂದ ಸೋಡಿಯಂ ಒಳಕ್ಕೆ ಹರಿಯುತ್ತದೆ, ಆ ಸೆಳೆತದಲ್ಲಿ ಗ್ಲೂಕೋಸನ್ನೂ ಎಳೆದೊಯ್ಯುತ್ತದೆ. ಇದನ್ನು ನಡೆಸುವ ಪ್ರೋಟೀನಿಗೆ ಎಸ್‌ಜಿಎಲ್‌ಟಿ1 ಎಂದು ಹೆಸರು. ಒಂದು ಗ್ಲೂಕೋಸ್ ಅಣುವಿಗೆ ಎರಡು ಸೋಡಿಯಂ ಅಯಾನುಗಳು. ಹಲವು ಅಮೈನೊ ಆಮ್ಲಗಳೂ, ಕೊಬ್ಬು ಕರಗಿಸುವ ಪಿತ್ತಲವಣಗಳೂ ತಮ್ಮ ತಮ್ಮ ಪ್ರೋಟೀನಿನ ಮೂಲಕ ಇದೇ ಸೆಳೆತವನ್ನು ಬಳಸಿಕೊಳ್ಳುತ್ತವೆ.

ಈ ತಿಳಿವಳಿಕೆ ಎಷ್ಟು ಜೀವ ಉಳಿಸಿತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಕಾಲರಾ ವಿಷ ಕರುಳಿನಿಂದ ನೀರನ್ನು ಹೊರಸುರಿಸುತ್ತದೆ, ಆದರೆ ಎಸ್‌ಜಿಎಲ್‌ಟಿ1ನ್ನು ಮುಟ್ಟುವುದಿಲ್ಲ. ಸಕ್ಕರೆಯನ್ನೂ ಉಪ್ಪನ್ನೂ ಸರಿಯಾದ ಪ್ರಮಾಣದಲ್ಲಿ ಕಲಸಿ ಕುಡಿಸಿದರೆ ಆ ಬಾಗಿಲಿನಿಂದ ನೀರೂ ಒಳಗೆ ಬರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲಾನೊಬಿಸ್ ಇದನ್ನೇ ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ 3.6ಕ್ಕೆ ಇಳಿಯಿತು. ಇಂದು ಅಂಗನವಾಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದಿರುವುದು ಇದೇ ಲೆಕ್ಕ.

ಕಾಲರಾದಲ್ಲಿ ತೆರೆದೇ ಉಳಿಯುವ ಈ ಬಾಗಿಲು ದೀರ್ಘಕಾಲದ ಉರಿಯೂತದಲ್ಲಿ ಮುಚ್ಚುತ್ತದೆ. ಅದು ಹೇಗೆಂದು ಬಿಡಿಸಿ ತೋರಿಸಿದ ಕೆಲಸಗಳಲ್ಲಿ ಅಮೆರಿಕದಲ್ಲಿ ಉಮಾ ಸುಂದರಂ ಮತ್ತು ಸಂಗಡಿಗರು ಮೊಲಗಳ ಮೇಲೆ ನಡೆಸಿದ ಪ್ರಯೋಗಗಳು ಮುಖ್ಯವಾದವು. ಕೋಕ್ಸಿಡಿಯಾ ಎಂಬ ಪರೋಪಜೀವಿಯಿಂದ ಮೊಲದ ಇಲಿಯಮ್ಮಿನಲ್ಲಿ ದೀರ್ಘಕಾಲದ ಉರಿಯೂತ ಹುಟ್ಟಿಸಿ, ವಿಲ್ಲೈಗಳ ಕೋಶಗಳನ್ನು ಬೇರ್ಪಡಿಸಿ, ಅವುಗಳ ಮೇಲ್ಪೊರೆಯ ಸಾಗಣೆಯನ್ನು ಅವರು ಅಳೆದರು. 1997ರ ವರದಿಯ ಪ್ರಕಾರ ಗ್ಲೂಕೋಸಿನ ಸಾಗಣೆ ಕುಗ್ಗಲು ಕಾರಣ ಪೊರೆಯಲ್ಲಿ ಎಸ್‌ಜಿಎಲ್‌ಟಿ1 ಪ್ರೋಟೀನುಗಳ ಸಂಖ್ಯೆಯೇ ಇಳಿದದ್ದು. ಉಳಿದವು ಗ್ಲೂಕೋಸನ್ನು ಎಂದಿನ ಬಿಗಿಯಲ್ಲೇ ಹಿಡಿಯುತ್ತಿದ್ದವು. ಮರುವರ್ಷ ಅಲನಿನ್ ಎಂಬ ಅಮೈನೊ ಆಮ್ಲವನ್ನು ನೋಡಿದಾಗ ಚಿತ್ರ ತಲೆಕೆಳಗಾಗಿತ್ತು. ಪ್ರೋಟೀನುಗಳ ಸಂಖ್ಯೆ ಇದ್ದಷ್ಟೇ ಇತ್ತು, ಅವುಗಳ ಹಿಡಿತ ಸಡಿಲವಾಗಿತ್ತು. ಪಿತ್ತಲವಣದ ವಿಷಯದಲ್ಲಿ ಸಂಖ್ಯೆಯೂ ಇಳಿದಿತ್ತು, ಹಿಡಿತವೂ ಸಡಿಲವಾಗಿತ್ತು. ಇವೆಲ್ಲದರ ಜೊತೆಗೆ ತಳದ ಸೋಡಿಯಂ ಪಂಪೂ ದುರ್ಬಲವಾಗಿತ್ತು, ಅಂದರೆ ಎಲ್ಲ ಬಾಗಿಲುಗಳಿಗೂ ಬಲ ಕೊಡುವ ಸೆಳೆತವೇ ಕುಂದಿತ್ತು.

ಒಂದೇ ಕೋಶ, ಒಂದೇ ಉರಿಯೂತ, ಮೂರು ವಸ್ತುಗಳಿಗೆ ಮೂರು ಗತಿ. ಬರೀ ಹಾಳುಗೆಡಹುವ ಶಕ್ತಿಯೊಂದು ಇಷ್ಟು ಬಿಡಿಬಿಡಿಯಾಗಿ ವರ್ತಿಸಲಾರದು. ಬೇರೆಬೇರೆ ಸಂದೇಶಗಳು ಬೇರೆಬೇರೆ ಪ್ರೋಟೀನುಗಳನ್ನು ನಿಯಂತ್ರಿಸುತ್ತಿವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮೊಲಗಳಿಗೆ ಸ್ಟೀರಾಯ್ಡ್ ಕೊಟ್ಟು ಉರಿಯೂತ ಇಳಿಸಿದಾಗ ಗ್ಲೂಕೋಸಿನ ಸಾಗಣೆ ಮರಳಿತು. ಈ ಪ್ರಯೋಗಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ: ಮುಚ್ಚಿದ್ದು ತೆರೆಯಬಲ್ಲುದು.

ಹಾಗೆಂದು ಉರಿಯೂತವಿರುವ ಭೇದಿಯಲ್ಲಿ ಓಆರ್‌ಎಸ್ ವ್ಯರ್ಥ ಎಂದು ಯಾರೂ ತಿಳಿಯಬಾರದು. ಹಾನಿ ಸಾಮಾನ್ಯವಾಗಿ ತೇಪೆತೇಪೆಯಾಗಿರುತ್ತದೆ. ಉಳಿದ ಆರೋಗ್ಯವಂತ ಭಾಗ ಹೀರುತ್ತಲೇ ಇರುತ್ತದೆ. ರೋಟಾವೈರಸ್ ಭೇದಿಯಲ್ಲಿ ವಿಲ್ಲೈಗಳ ತುದಿ ಉದುರಿದರೂ ಓಆರ್‌ಎಸ್ ಬಹುತೇಕ ಮಕ್ಕಳನ್ನು ಕಾಪಾಡುತ್ತದೆ. ಜೊತೆಗೆ 10ರಿಂದ 14 ದಿನ ಸತುವಿನ ಮಾತ್ರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ: ಆರು ತಿಂಗಳ ಮೇಲಿನ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕ ಕೂಸಿಗೆ 10.

ಕಬ್ಬಿಣ

ಕಬ್ಬಿಣವನ್ನು ಮುಖ್ಯವಾಗಿ ಡುಯೋಡಿನಮ್ ಹೀರುತ್ತದೆ. ಡಿಎಂಟಿ1 ಎಂಬ ಪ್ರೋಟೀನು ಕಬ್ಬಿಣವನ್ನು ಕೋಶದೊಳಗೆ ತರುತ್ತದೆ, ತಳದಲ್ಲಿರುವ ಫೆರೊಪೋರ್ಟಿನ್ ಅದನ್ನು ರಕ್ತಕ್ಕೆ ದಾಟಿಸುತ್ತದೆ. ಈ ಎರಡನೆಯ ಬಾಗಿಲಿನ ಕೀಲಿ ಯಕೃತ್ತಿನ ಬಳಿ ಇದೆ. ಯಕೃತ್ತು ಸ್ರವಿಸುವ, 25 ಅಮೈನೊ ಆಮ್ಲಗಳ ಪುಟ್ಟ ಹಾರ್ಮೋನು ಹೆಪ್ಸಿಡಿನ್ ಫೆರೊಪೋರ್ಟಿನ್‌ಗೆ ಅಂಟಿಕೊಂಡು ಅದನ್ನು ಕೋಶದೊಳಕ್ಕೆ ಎಳೆಸಿ ನಾಶಮಾಡಿಸುತ್ತದೆ ಎಂಬುದು 2004ರಲ್ಲಿ ಖಚಿತವಾಯಿತು. ದೇಹದಲ್ಲಿ ಎಲ್ಲಿಯೇ ಉರಿಯೂತವಿರಲಿ, ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ತಲುಪಿ ಹೆಪ್ಸಿಡಿನನ್ನು ಏರಿಸುತ್ತದೆ. ಆಗ ಕರುಳಿನ ಕೋಶ ಹೀರಿದ ಕಬ್ಬಿಣ ಅಲ್ಲೇ ಫೆರಿಟಿನ್ ಎಂಬ ಸಂಗ್ರಹ ಪ್ರೋಟೀನಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕೋಶದ ಆಯಸ್ಸು ಮುಗಿದಾಗ ಅದರ ಜೊತೆಗೇ ಉದುರಿ ಮಲದಲ್ಲಿ ಹೊರಟುಹೋಗುತ್ತದೆ. ಹೊಸ್ತಿಲು ದಾಟಿ ಬಂದ ಅತಿಥಿಯನ್ನು ನಡುಮನೆಗೆ ಬಿಡದೆ ಹಿಂದಕ್ಕೆ ಕಳಿಸಿದಂತೆ.

ಇದು ದೇಹದ ತಪ್ಪಲ್ಲ. ಬಹುತೇಕ ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ಸೋಂಕಿನ ಹೊತ್ತಿನಲ್ಲಿ ಅದನ್ನು ಬಚ್ಚಿಡುವುದು ಪುರಾತನ ರಕ್ಷಣಾ ಉಪಾಯ. ನಾಲ್ಕು ದಿನದ ಜ್ವರದಲ್ಲಿ ಇದು ಜಾಣತನ, ನಾಲ್ಕು ವರ್ಷದ ಉರಿಯೂತದಲ್ಲಿ ಇದೇ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇದಕ್ಕೆ ಊಟದ ಕೊರತೆ, ಕೊಕ್ಕೆಹುಳು, ಚಹಾ ಕಾಫಿಯ ಟ್ಯಾನಿನ್ ಎಲ್ಲವೂ ಕಾರಣ. ಪದೇಪದೇ ಬರುವ ಸೋಂಕು ಹೆಪ್ಸಿಡಿನ್ ಮೂಲಕ ಬಾಗಿಲು ಮುಚ್ಚುವುದನ್ನೂ ಆ ಸಾಲಿಗೆ ಸೇರಿಸದಿದ್ದರೆ ಲೆಕ್ಕ ತಪ್ಪುತ್ತದೆ. ರಕ್ತಪರೀಕ್ಷೆಯೂ ಇಲ್ಲಿ ದಾರಿ ತಪ್ಪಿಸಬಲ್ಲದು. ಫೆರಿಟಿನ್ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಎಂಬುದು ಸಾಮಾನ್ಯ ನಿಯಮ, ಆದರೆ ಉರಿಯೂತದಲ್ಲಿ ಫೆರಿಟಿನ್ ತಾನಾಗಿಯೇ ಏರುತ್ತದೆ. ಹಾಗಾಗಿ ಕರುಳಿನ ಉರಿಯೂತ ಸಕ್ರಿಯವಾಗಿರುವವರಲ್ಲಿ 30ರ ಬದಲು ಲೀಟರಿಗೆ 100 ಮೈಕ್ರೊಗ್ರಾಂವರೆಗೂ ಕೊರತೆಯನ್ನು ಶಂಕಿಸುತ್ತಾರೆ, ಮಾತ್ರೆಯ ಬದಲು ರಕ್ತನಾಳದ ಮೂಲಕ ಕಬ್ಬಿಣ ಕೊಡುವುದನ್ನು ಆರಿಸುತ್ತಾರೆ.

ಇಲಿಯಮ್ಮಿನ ಕೊನೆಯ ಗೇಣು

ಬಿ12 ಜೀವಸತ್ವಕ್ಕೂ ಪಿತ್ತಲವಣಕ್ಕೂ ಇಲಿಯಮ್ಮಿನ ಕೊನೆಯ ಭಾಗವೇ ಗತಿ. ಬೇರೆ ಪೋಷಕಾಂಶಗಳಿಗೆ ಕರುಳಿನ ಒಂದು ತುಂಡು ಕೆಟ್ಟರೆ ಇನ್ನೊಂದು ತುಂಡು ಆಸರೆಯಾಗುತ್ತದೆ, ಇವೆರಡಕ್ಕೆ ಅಂಥ ಆಸರೆ ಇಲ್ಲ. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್, ಗಿಂಜ್‌ಬರ್ಗ್, ಓಪನ್‌ಹೈಮರ್ ವಿವರಿಸಿದ, ಮುಂದೆ ಕ್ರೋನ್ ಕಾಯಿಲೆ ಎಂದು ಹೆಸರಾದ ರೋಗ ಹೆಚ್ಚಾಗಿ ಎರಗುವುದು ಈ ಜಾಗದ ಮೇಲೆಯೇ. ಭಾರತದಲ್ಲಿ ಕರುಳಿನ ಕ್ಷಯವೂ ಇದೇ ಜಾಗವನ್ನು ಹುಡುಕಿಕೊಂಡು ಬರುತ್ತದೆ, ಲಕ್ಷಣಗಳೂ ಹೋಲುತ್ತವೆ. ಕ್ಷಯವನ್ನು ಕ್ರೋನ್ ಎಂದು ತಿಳಿದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಟ್ಟರೆ ಕ್ಷಯ ಹರಡುವ ಅಪಾಯವಿರುವುದರಿಂದ ನಮ್ಮ ವೈದ್ಯರು ಇಲ್ಲಿ ಬಹಳ ಎಚ್ಚರದಿಂದ ಹೆಜ್ಜೆಯಿಡುತ್ತಾರೆ.

ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ಬಿ12 ಸಂಗ್ರಹವಿರುವುದರಿಂದ ಕೊರತೆ ತಡವಾಗಿ ಕಾಣಿಸಿಕೊಳ್ಳುತ್ತದೆ: ಕೈಕಾಲು ಜೋಮು, ನಿಶ್ಶಕ್ತಿ, ಮರೆವು. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಸಂಗ್ರಹ ಮೊದಲೇ ತೆಳುವಾಗಿರುತ್ತದೆ, ಅಲ್ಲಿ ಇದು ಬೇಗ ಬರುತ್ತದೆ. ಪಿತ್ತಲವಣದ ಕತೆ ಬೇರೆ. ಅದರ ಶೇಕಡಾ 95ರಷ್ಟು ಭಾಗ ಇಲಿಯಮ್ಮಿನಲ್ಲಿ ಹೀರಲ್ಪಟ್ಟು ಯಕೃತ್ತಿಗೆ ಮರಳಬೇಕು. ಮರಳದಿದ್ದರೆ ದೊಡ್ಡ ಕರುಳಿಗೆ ಇಳಿದು ಭೇದಿ ಉಂಟುಮಾಡುತ್ತದೆ; ಇತ್ತ ಪಿತ್ತದ ಕೊರತೆಯಿಂದ ಕೊಬ್ಬು ಕರಗದೆ, ಅದರ ಜೊತೆ ಎ, ಡಿ, ಇ, ಕೆ ಜೀವಸತ್ವಗಳೂ ಕಳೆದುಹೋಗುತ್ತವೆ. ಹೀರದೆ ಉಳಿದ ಕೊಬ್ಬು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡಾಗ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕೆ ನುಸುಳಿ ಮೂತ್ರಪಿಂಡದಲ್ಲಿ ಕಲ್ಲಾಗುವುದೂ ಉಂಟು. ಕರುಳಿನ ಒಂದು ಗೇಣಿನ ಉರಿಯೂತ ಮೂತ್ರಪಿಂಡದಲ್ಲಿ ಕಲ್ಲಾಗಿ ನೋವು ಕೊಡುತ್ತದೆ.

ಮಕ್ಕಳ ಬೆಳವಣಿಗೆ

1966ರಲ್ಲಿ ಲಿಂಡೆನ್‌ಬಾಮ್ ಮತ್ತು ಸಹೋದ್ಯೋಗಿಗಳು ಪಾಕಿಸ್ತಾನದಲ್ಲಿ ಸೇವೆಯಲ್ಲಿದ್ದ ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರ ಕರುಳಿನಲ್ಲಿ ಉರಿಯೂತವನ್ನೂ ಹೀರಿಕೆಯ ಕೊರತೆಯನ್ನೂ ಕಂಡು ವರದಿ ಮಾಡಿದರು. ಚೆನ್ನಾಗಿ ಉಂಡು ಬೆಳೆದಿದ್ದ ಆರೋಗ್ಯವಂತ ತರುಣರು, ಕೆಲವು ತಿಂಗಳು ಉಪಖಂಡದಲ್ಲಿ ಕಳೆದಿದ್ದರು, ಅಷ್ಟೇ. ಊರಿಗೆ ಹಿಂದಿರುಗಿದವರಲ್ಲಿ ಇಂಥ ಬದಲಾವಣೆಗಳು ನಿಧಾನವಾಗಿ ಮಾಯವಾದವು. ಅಂದರೆ ಇದು ಜನಾಂಗದ ಗುಣವೂ ಅಲ್ಲ, ಹುಟ್ಟಿನ ದೋಷವೂ ಅಲ್ಲ. ನೆಲ, ನೀರು, ಕೈಗಳ ಮೂಲಕ ದಿನವೂ ಬಾಯಿಗೆ ಹೋಗುವ ಮಲದ ಸೂಕ್ಷ್ಮಜೀವಿಗಳ ಫಲ. ಇಂದು ಇದನ್ನು ಪರಿಸರಜನ್ಯ ಕರುಳಿನ ದುರ್ಬಲತೆ ಎನ್ನಬಹುದು. ಭೇದಿಯಿಲ್ಲ, ನೋವಿಲ್ಲ, ಮಗು ಆಡಿಕೊಂಡಿರುತ್ತದೆ. ವಿಲ್ಲೈಗಳು ಮೊಂಡಾಗಿರುತ್ತವೆ, ಬೆಸುಗೆಗಳು ಸೋರುತ್ತಿರುತ್ತವೆ.

ಇದನ್ನು ಅಳೆಯಲು ಎರಡು ಸಕ್ಕರೆಗಳ ಪರೀಕ್ಷೆಯಿದೆ. ಮ್ಯಾನಿಟಾಲ್ ಆರೋಗ್ಯವಂತ ಒಳಮೈಯ ಮೂಲಕ ಒಳಹೋಗುತ್ತದೆ, ಲ್ಯಾಕ್ಟುಲೋಸ್ ಸೋರುವ ಸಂದುಗಳಿಂದ ಮಾತ್ರ ನುಸುಳುತ್ತದೆ. ಕುಡಿಸಿದ ಮೇಲೆ ಮೂತ್ರದಲ್ಲಿ ಇವೆರಡರ ಅನುಪಾತ ನೋಡಿದರೆ ಎಷ್ಟು ಮೈ ಉಳಿದಿದೆ, ಎಷ್ಟು ಸೋರುತ್ತಿದೆ ಎಂದು ತಿಳಿಯುತ್ತದೆ. 1991ರಲ್ಲಿ ಗ್ಯಾಂಬಿಯಾದ ಕೂಸುಗಳಲ್ಲಿ ಲನ್ ಮತ್ತು ಸಹೋದ್ಯೋಗಿಗಳು ಈ ಪರೀಕ್ಷೆ ಮಾಡಿ, ಎತ್ತರದ ಬೆಳವಣಿಗೆಯ ಕುಂಠಿತದಲ್ಲಿ ಶೇಕಡಾ 43ರಷ್ಟನ್ನು ಕರುಳಿನ ಸೋರಿಕೆ ವಿವರಿಸುತ್ತದೆ ಎಂದು ಕಂಡರು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಎಂದು ಮೇಲೆ ಹೇಳಿದ ಸಮೀಕ್ಷೆಯೇ ದಾಖಲಿಸಿದೆ. ಆ ಎಲ್ಲ ಮಕ್ಕಳಿಗೂ ಊಟ ಸಾಲಲಿಲ್ಲ ಎಂದು ತೀರ್ಮಾನಿಸುವುದು ಅವಸರ.

ನೀರು, ಶೌಚಾಲಯ, ಕೈತೊಳೆಯುವಿಕೆ ಸುಧಾರಿಸಿದರೆ ಸಾಕೇ? ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳ ದೊಡ್ಡ ಪ್ರಯೋಗಗಳ ಫಲಿತಾಂಶ 2018–19ರಲ್ಲಿ ಬಂದಾಗ ಅನೇಕರಿಗೆ ನಿರಾಸೆಯಾಯಿತು: ಸಾಮಾನ್ಯ ಮಟ್ಟದ ನೈರ್ಮಲ್ಯ ಸೌಲಭ್ಯಗಳಿಂದ ಮಕ್ಕಳ ಎತ್ತರ ಹೆಚ್ಚಲಿಲ್ಲ. ಹಳ್ಳದ ಪಕ್ಕ ಒಂದು ಶೌಚಾಲಯ ಕಟ್ಟಿಸಿದ ಮಾತ್ರಕ್ಕೆ ಅಂಗಳದಲ್ಲಿ ತೆವಳುವ ಕೂಸಿನ ಬಾಯಿಗೆ ಹೋಗುವ ಮಣ್ಣು, ಕೋಳಿಹಿಕ್ಕೆ ನಿಲ್ಲುವುದಿಲ್ಲ ಎಂಬುದು ಅದರಿಂದ ಕಲಿತ ಪಾಠ. ಶೌಚಾಲಯ ಬೇಡ ಎಂದು ಇದನ್ನು ಓದಿಕೊಂಡವರು ತಪ್ಪು ಓದಿದರು. ಇನ್ನೂ ಹೆಚ್ಚಿನದು ಬೇಕು ಎಂಬುದೇ ಅದರ ಅರ್ಥ.

ನಮ್ಮ ನೆರೆಯ ವೆಲ್ಲೂರಿಗೂ ಈ ಚರಿತ್ರೆಯಲ್ಲಿ ಸ್ಥಾನವಿದೆ. 1960ರ ದಶಕದಲ್ಲಿ ಉತ್ತರ ಆರ್ಕಾಟ್ ಹಳ್ಳಿಗಳಲ್ಲಿ ಉಷ್ಣವಲಯದ ಸ್ಪ್ರೂ ಕಾಯಿಲೆ ಪಿಡುಗಿನಂತೆ ಹಬ್ಬಿದಾಗ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸೆಲ್ವಿನ್ ಬೇಕರ್, ವಿ. ಐ. ಮಥಾನ್ ಮೊದಲಾದವರು ಅದನ್ನು ಬೆನ್ನುಹತ್ತಿ ಅಧ್ಯಯನ ಮಾಡಿದರು. ಬಿಡದ ಭೇದಿ, ಕೃಶತೆ, ಫೋಲೇಟ್ ಮತ್ತು ಬಿ12 ಕೊರತೆ ಅದರ ಲಕ್ಷಣ. ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್ ಅದರ ಮದ್ದು.

ಸೀಲಿಯಾಕ್ ಮತ್ತು ಚಿಕಿತ್ಸೆ

ಗೋಡೆಯೇ ಕುಸಿಯುವುದಕ್ಕೆ ಸ್ಪಷ್ಟ ಉದಾಹರಣೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟೆನ್ ಪ್ರೋಟೀನಿನ ವಿರುದ್ಧ ದೇಹ ತಾನೇ ಸಮರ ಸಾರಿ, ಡುಯೋಡಿನಮ್ಮಿನ ವಿಲ್ಲೈಗಳನ್ನು ನೆಲಸಮ ಮಾಡುತ್ತದೆ. ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ ಗೋಧಿಯ ಮೇಲೆ ಮೊದಲೇ ಸಂಶಯ ಪಟ್ಟಿದ್ದರು; 1944–45ರ ಬರಗಾಲದ ಚಳಿಗಾಲದಲ್ಲಿ ಬ್ರೆಡ್ ಸಿಗದಾದಾಗ ಈ ಮಕ್ಕಳು ಸುಧಾರಿಸಿ, ಬ್ರೆಡ್ ಮರಳಿದಾಗ ಮತ್ತೆ ಕೆಟ್ಟದ್ದು ಸಂಶಯವನ್ನು ಗಟ್ಟಿಮಾಡಿತು. ಡುಯೋಡಿನಮ್ ಕೆಡುವುದರಿಂದ ಎಷ್ಟೋ ವಯಸ್ಕರಲ್ಲಿ ಇದರ ಒಂದೇ ಲಕ್ಷಣ ಮಾತ್ರೆಗೆ ಜಗ್ಗದ ರಕ್ತಹೀನತೆ. 2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದು ಉತ್ತರದಲ್ಲಿ ಶೇಕಡಾ 1.23, ದಕ್ಷಿಣದಲ್ಲಿ 0.10 ವಯಸ್ಕರ ರಕ್ತದಲ್ಲಿ ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳನ್ನು ಕಂಡಿತು. ದಕ್ಷಿಣದಲ್ಲಿ ವಿರಳವೆಂದೇ ಇಲ್ಲಿ ಇದನ್ನು ಮರೆಯುವ ಅಪಾಯ ಹೆಚ್ಚು.

ಯಾವ ರೋಗವಾದರೂ ಚಿಕಿತ್ಸೆಯ ಕ್ರಮ ಒಂದೇ: ಬೆಂಕಿ ಆರಿಸುವುದು, ಜೊತೆಗೆ ಉಣಿಸುವುದು. ಕ್ರೋನ್ ಕಾಯಿಲೆಯಲ್ಲಿ 1998ರಿಂದ ಟಿಎನ್‌ಎಫ್-ಆಲ್ಫಾವನ್ನು ಕಟ್ಟಿಹಾಕುವ ಇನ್‌ಫ್ಲಿಕ್ಸಿಮ್ಯಾಬ್ ಬಳಕೆಯಲ್ಲಿದೆ. ಮಕ್ಕಳಲ್ಲಿ ಆರರಿಂದ ಎಂಟು ವಾರ ದ್ರವಾಹಾರವನ್ನಷ್ಟೇ ಕೊಡುವ ಚಿಕಿತ್ಸೆ ಉರಿಯೂತವನ್ನೂ ಇಳಿಸುತ್ತದೆ, ಸ್ಟೀರಾಯ್ಡಿನಂತೆ ಬೆಳವಣಿಗೆಯನ್ನು ತಡೆಯುವುದೂ ಇಲ್ಲ. ಇಂಥ ರೋಗಿಗಳು ತೆಳ್ಳಗಾಗಲು ಹಸಿವಿಲ್ಲದೆ ಕಡಿಮೆ ಉಣ್ಣುವುದೂ ದೊಡ್ಡ ಕಾರಣವೆಂಬುದನ್ನು ಇಲ್ಲಿ ಸೇರಿಸಬೇಕು. ಎಲ್ಲ ತಪ್ಪನ್ನೂ ಹೀರಿಕೆಯ ತಲೆಗೆ ಕಟ್ಟುವುದು ಸರಿಯಲ್ಲ.

ಸೀಲಿಯಾಕ್ ಕಾಯಿಲೆಗೆ ಮದ್ದು ಅಡುಗೆಮನೆಯಲ್ಲೇ ಇದೆ. ಗ್ಲುಟೆನ್ ಪೂರ್ತಿ ಬಿಟ್ಟರೆ ವಿಲ್ಲೈಗಳು ಮತ್ತೆ ಏಳುತ್ತವೆ. ಮಕ್ಕಳಲ್ಲಿ ಬೇಗ, ವಯಸ್ಕರಲ್ಲಿ ಒಂದೆರಡು ವರ್ಷಗಳೂ ಹಿಡಿಯಬಹುದು. ಅಕ್ಕಿ, ರಾಗಿ, ಜೋಳ, ನವಣೆ, ಸಾಮೆ ಯಾವುದರಲ್ಲೂ ಗ್ಲುಟೆನ್ ಇಲ್ಲ, ಹಾಗಾಗಿ ಮುದ್ದೆ, ಜೋಳದ ರೊಟ್ಟಿ ಉಣ್ಣುವ ನಾಡಿನಲ್ಲಿ ಈ ಪಥ್ಯ ಪಂಜಾಬಿನಷ್ಟು ಕಷ್ಟವಲ್ಲ. ಆದರೆ ‘ಪೂರ್ತಿ’ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಚಪಾತಿ, ಉಪ್ಪಿಟ್ಟು, ಶಾವಿಗೆ ಬಿಟ್ಟವರಲ್ಲೂ ಹಿಮೋಗ್ಲೋಬಿನ್ ಏರದಿದ್ದರೆ ಎರಡು ಕಡೆ ನೋಡಬೇಕು. ರಾಗಿಯನ್ನು ಗೋಧಿ ಬೀಸಿದ ಗಿರಣಿಯ ಕಲ್ಲಿನಲ್ಲೇ ಬೀಸಿದರೆ ಹಿಟ್ಟಿನ ಜೊತೆ ಗೋಧಿಯೂ ಬರುತ್ತದೆ. ಸಾರಿನ ಒಗ್ಗರಣೆಗೆ ಹಾಕುವ ಅಂಗಡಿಯ ಪುಡಿ ಇಂಗಿನಲ್ಲಿ ಅನೇಕ ಸಲ ಮೈದಾ ಬೆರೆತಿರುತ್ತದೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಅದನ್ನು ಬರೆದಿರುತ್ತಾರೆ.